ನಂಬಿ ಪಾಸ್ ಮಾಡಿದ ಗಾಲಿ

"ನಾಲ್ಕೂ ರಿಜೆಕ್ಟ್," ಎಂದಳು ಶರ್ವಾಣಿ.

ಎದುರು ನಿಂತಿದ್ದವನು ಮುಖ ಸಪ್ಪೆ ಮಾಡಿಕೊಳ್ಳಬೇಕಿತ್ತು. ಅವನು ನಕ್ಕ.

"ನಗೋದಕ್ಕೆ ಏನಿದೆ ಇದರಲ್ಲಿ?"

"ಏನಿಲ್ಲ ಮೇಡಂ. ಯಾಕೆ ಅಂತ ಹೇಳಿದ್ರೆ ಆಮೇಲೆ ಅಳ್ತೀನಿ."

ಹೆಬ್ಬಾಳದ ಫ್ಲೈಓವರ್ ಇಳಿದು ಸರ್ವಿಸ್ ರಸ್ತೆಗೆ ಬಂದರೆ ಹಳೆಯ ಕಾರುಗಳನ್ನು ಕೊಂಡು, ಸರಿಮಾಡಿಸಿ, ಮತ್ತೆ ಮಾರುವ ಒಂದು ಕಂಪನಿಯ ಯಾರ್ಡ್ ಇತ್ತು. ಗಿರಾಕಿಯ ಕೈಗೆ ಹೋಗುವ ಮೊದಲು ಪ್ರತಿ ಕಾರನ್ನೂ ಪರೀಕ್ಷೆ ಮಾಡಿ ಸಹಿ ಹಾಕುವುದು ಶರ್ವಾಣಿಯ ಕೆಲಸ. ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ಮಂಕಾದ ಅಲಾಯ್ ಗಾಲಿಗಳಿಗೆ ಹೊಳಪು ತರುವ ಕೆಲಸವನ್ನು ಕಂಪನಿ ಹುಣಸಮಾರನಹಳ್ಳಿಯ ಮಹೇಂದ್ರನಿಗೆ ಕೊಟ್ಟಿತ್ತು. ಇದು ಅವನು ತಂದ ಮೊದಲ ಸೆಟ್.

ಶರ್ವಾಣಿ ಒಂದು ಗಾಲಿಯನ್ನು ಉರುಳಿಸಿಕೊಂಡು ಶೀಟಿನ ನೆರಳಿನಿಂದ ಬಿಸಿಲಿಗೆ ತಂದಳು. ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ ನೋಡಿದಳು.

"ಇಲ್ನೋಡಿ. ನೆರಳಲ್ಲಿ ಕನ್ನಡಿ. ಬಿಸಿಲಿಗೆ ಬಂದ್ರೆ ಜೇಡರಬಲೆ. ಮೆಷಿನ್ ಜೋರಾಗಿ ತಿರುಗಿಸಿದ್ದೀರ. ಇದರ ಮೇಲೆ ಕ್ಲಿಯರ್ ಕೋಟ್ ಇದೆ. ನೀವು ಉಜ್ಜೋದು ಲೋಹ ಅಲ್ಲ, ಅದರ ಮೇಲಿರೋ ತೆಳ್ಳನೆ ಪದರ."

ಮಹೇಂದ್ರ ಬಗ್ಗಿ ನೋಡಿದ. ನಗು ಹೋಯಿತು. "ಹೌದಲ್ಲ," ಎಂದ. ವಾದ ಮಾಡಲಿಲ್ಲ, ಕೆಲಸದವರ ಮೇಲೆ ಹಾಕಲಿಲ್ಲ. ನಾಲ್ಕೂ ಗಾಲಿಗಳನ್ನು ಟೆಂಪೋಗೆ ಹತ್ತಿಸಿಕೊಂಡ.

"ಅಳ್ತೀನಿ ಅಂದ್ರಿ?" ಎಂದು ಶರ್ವಾಣಿ ಕೇಳಿಯೇಬಿಟ್ಟಳು.

"ಮನೆಗೆ ಹೋಗಿ ಅಳ್ತೀನಿ ಮೇಡಂ. ಇಲ್ಲಿ ಜನ ಇದ್ದಾರೆ."

ಆ ಮೇಲೆ ಅವನು ಬರುತ್ತಲೇ ಇದ್ದ. ಅವಳು ತಿರುಗಿ ಕಳಿಸುತ್ತಲೇ ಇದ್ದಳು. ಮಹೇಂದ್ರ ಮೊದಲು ಬೈಕ್ ಎಂಜಿನ್ನಿನ ಬರಿ ಲೋಹಕ್ಕೆ ಪಾಲಿಶ್ ಹಾಕುತ್ತಿದ್ದವನು. ಕ್ಲಿಯರ್ ಕೋಟಿನ ಕೆಲಸ ಅದಕ್ಕಿಂತ ನಾಜೂಕು. ಮೊದಲು ಸೋಪಿನ ನೀರಲ್ಲಿ ಬ್ರೇಕಿನ ಮಸಿ ಬಿಡಿಸಬೇಕು. ಆಮೇಲೆ ನಯವಾದ ವಾಟರ್ ಪೇಪರನ್ನು ನೀರಲ್ಲಿ ನೆನೆಸಿ, ಪದರ ಹರಿಯದಂತೆ, ಮಗುವಿನ ಬೆನ್ನು ತಿಕ್ಕಿದ ಹಾಗೆ ತಿಕ್ಕಬೇಕು. ಆಗ ಗಾಲಿ ಇನ್ನಷ್ಟು ಮಂಕಾಗುತ್ತದೆ. ಅಲ್ಲಿ ಹೆದರಬಾರದು. ಪಾಲಿಶಿನ ಕಾಂಪೌಂಡ್ ಹಚ್ಚಿ ಮೆತ್ತನೆಯ ಸ್ಪಂಜಿನಿಂದ ನಿಧಾನವಾಗಿ ತಿರುಗಿಸಿದರೆ ಒಳಗಿನ ಬೆಳ್ಳಿ ಮೇಲೆ ಬರುತ್ತದೆ.

ಅವನು ಕಲಿತ. ಶರ್ವಾಣಿಗೆ ತಪ್ಪು ಹುಡುಕುವುದು ಕಷ್ಟವಾಗತೊಡಗಿತು. ಹುಡುಕಲು ಹೆಚ್ಚು ಹೊತ್ತು ಬೇಕಾಯಿತು. ಆ ಹೊತ್ತು ಅವಳಿಗೆ ಇಷ್ಟವಾಗತೊಡಗಿತು.

"ಒಂದು ಕಣ್ಣು ಮುಚ್ಚಿದ್ರೆ ಜಾಸ್ತಿ ಕಾಣುತ್ತಾ ಮೇಡಂ?"

"ಮಾತು ಕಡಿಮೆ ಕೇಳಿಸುತ್ತೆ."

"ಎರಡೂ ಮುಚ್ಚಿ ಒಂದ್ಸಲ. ಪಾಸ್ ಆದ್ರೂ ಆಗ್ಬಹುದು."

ಅವಳು ನಗಲಿಲ್ಲ. ಆದರೆ ಗಾಲಿಯ ಹೊಳಪಿನಲ್ಲಿ ಅವಳ ತುಟಿ ಬಿಗಿಯಾದದ್ದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ಅದೇ ಹೊಳಪಿನಲ್ಲಿ ನೋಡಿದಳು.

ವಾಟ್ಸ್ಯಾಪಿನಲ್ಲಿ ಫೋಟೋ ಬರತೊಡಗಿದವು. ಮಂಕಾದ ಗಾಲಿ, ಹೊಳೆಯುವ ಗಾಲಿ. ಕೆಳಗೆ ಒಂದೇ ಸಾಲು: "ಈಗಲೇ ರಿಜೆಕ್ಟ್ ಮಾಡಿಬಿಡಿ, ಪೆಟ್ರೋಲ್ ಉಳಿಯುತ್ತೆ." ಆರ್‌ಟಿ ನಗರದ ಮನೆಯಲ್ಲಿ ಊಟದ ಮಧ್ಯೆ ಫೋನ್ ನೋಡಿ ನಕ್ಕರೆ ಅಪ್ಪ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಆಫೀಸಿಂದು" ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ.

ಒಂದು ಗುರುವಾರ ಬಿಳಿ ಕಾರೊಂದರ ಗಾಲಿಗಳು ಬಂದವು. ಗಿರಾಕಿಗೆ ಅವಸರವಿತ್ತು, ಮರುದಿನವೇ ಡೆಲಿವರಿ. ಮ್ಯಾನೇಜರ್ ಉಪೇಂದ್ರ ಎರಡು ಸಲ ಬಂದು "ಆಯ್ತಾ?" ಎಂದು ಕೇಳಿ ಹೋಗಿದ್ದ. ಮೂರು ಗಾಲಿ ಚೊಕ್ಕವಾಗಿದ್ದವು. ನಾಲ್ಕನೆಯದರಲ್ಲಿ, ಗಾಲಿಯ ಒಂದು ಸ್ಪೋಕ್ ಕಡ್ಡಿ ನಡುವಿನ ಭಾಗಕ್ಕೆ ಸೇರುವ ಕಡೆ, ಹೊಳಪಿನ ಕೆಳಗೆ ಕೂದಲಿನಂಥ ಒಂದು ಬಿಳಿ ಗೆರೆ.

"ಇದೇನು?"

ಮಹೇಂದ್ರ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಅವನ ಭುಜ ಅವಳ ಭುಜಕ್ಕೆ ತಗುಲುವಷ್ಟು ಹತ್ತಿರ. ತಗುಲಲಿಲ್ಲ.

"ಕ್ಲಿಯರ್ ಕೋಟ್ ಒಳಗೆ ನೀರು ಹೋಗಿ ಹಿಡಿಯೋ ತುಕ್ಕು ಮೇಡಂ. ಎಲ್ಲಾ ಹಳೇ ಗಾಲೀಲೂ ಇರುತ್ತೆ. ನೋಡೋಕಷ್ಟೆ, ಏನೂ ಆಗಲ್ಲ."

ಅಂಥ ಬಿಳಿ ಗೆರೆಗಳನ್ನು ಅವಳು ನೂರಾರು ನೋಡಿದ್ದಳು. ಅವು ಹುಳು ಹರಿದಂತೆ ಡೊಂಕಾಗಿರುತ್ತವೆ. ಇದು ನೆಟ್ಟಗಿತ್ತು. ಬೇರೆ ಯಾರಾದರೂ ತಂದಿದ್ದರೆ ಅವಳು ಕೋಟ್ ತೆಗೆಸಿ ನೋಡುತ್ತಿದ್ದಳು. ಅವಳು ತಲೆ ಎತ್ತಿದಳು. ಅವನು ಗಾಲಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಬೆವರಿಗೆ ಹಣೆಗಂಟಿದ ಅವಳ ಕೂದಲು ನೋಡುತ್ತಿದ್ದ.

"ಪಾಸ್," ಎಂದು ಅವಳು ಬೇಗ ಎದ್ದಳು. ಅವನ ಗಾಲಿ ಮೊದಲ ಸಲಕ್ಕೇ ಪಾಸ್ ಆದದ್ದು ಅದೇ ಮೊದಲು.

"ಸಿಹಿ ತರ್ಲಾ?" ಎಂದ ಅವನು.

"ಮೊದಲು ಹೊರಡಿ."

ಶನಿವಾರ ಬೆಳಿಗ್ಗೆ ಶರ್ವಾಣಿ ಯಾರ್ಡಿಗೆ ಬಂದು ಬ್ಯಾಗ್ ಇಡುವಷ್ಟರಲ್ಲಿ ಫೋನ್ ಬಂತು.

"ಮೇಡಂ, ಆ ಬಿಳಿ ಕಾರು ಎಲ್ಲಿದೆ?"

ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಅವಳ ಕೈ ಬ್ಯಾಗಿನ ಮೇಲೇ ನಿಂತಿತು. "ನಿನ್ನೆ ಸಂಜೆ ಡೆಲಿವರಿ ಆಯ್ತು. ಯಾಕೆ?"

"ಬೇರೆ ಒಂದು ಕಾರಿಂದು ಗಾಲಿ ಬಂದಿತ್ತು. ಅದೇ ಜಾಗದಲ್ಲಿ ಅದೇ ತರ ಗೆರೆ. ಈ ಸಲ ಪೂರ್ತಿ ಕೋಟ್ ತೆಗೆದೆ." ಅವನು ಉಸಿರೆಳೆದುಕೊಂಡ. "ತುಕ್ಕಲ್ಲ ಮೇಡಂ. ಕ್ರ್ಯಾಕು. ಲೋಹಾನೇ ಬಿಟ್ಟಿದೆ."

"ಆ ಬಿಳಿ ಕಾರಿಂದು?"

"ಗೊತ್ತಿಲ್ಲ. ತುಕ್ಕೇ ಇರಬಹುದು. ಆದ್ರೆ ಅದು ನೆಟ್ಟಗಿತ್ತು. ನಾನು..." ಮಾತು ನಿಂತಿತು. "ನಾನು ನಿಮಗೆ ಸರಿಯಾಗಿ ನೋಡದೆ ಹೇಳಿಬಿಟ್ಟೆ."

ಅವಳಿಗೆ ಕಿವಿ ಬಿಸಿಯಾಯಿತು. ಸಿಟ್ಟೋ ಭಯವೋ ತಿಳಿಯಲಿಲ್ಲ. ಕಾರು ಕೊಂಡವರು ಚಿಕ್ಕಜಾಲದ ಆಂಜಿನಪ್ಪ. ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಮಗಳು ರಾಣಿಗೆ ಹೊಸದಾಗಿ ಲೈಸೆನ್ಸ್ ಬಂದಿತ್ತು. ನಿನ್ನೆ ಆ ಹುಡುಗಿಯ ಕೈಗೆ ಕೀಲಿ ಕೊಟ್ಟವಳು ಶರ್ವಾಣಿಯೇ. ಖುಷಿಗೆ ರಾಣಿ ಕುಣಿದಾಡುವುದೊಂದೇ ಬಾಕಿ ಇತ್ತು.

ಆಂಜಿನಪ್ಪನ ಫೋನಿಗೆ ಕರೆ ಹೋಗಲಿಲ್ಲ. ಮತ್ತೆ ಮಾಡಿದಳು. ಇಲ್ಲ.

"ನೀವು ಬನ್ನಿ, ಬೈಕ್ ತಗೊಂಡು ಬನ್ನಿ," ಎಂದಳು ಮಹೇಂದ್ರನಿಗೆ. "ಗೇಟಲ್ಲಿರ್ತೀನಿ."

ಅವನು ಬಂದಾಗ ಅವಳು ಮುಖ ನೋಡದೆ ಹಿಂದೆ ಕುಳಿತಳು. ನಡುವೆ ಅವನ ಬ್ಯಾಗು. ಏರ್‌ಪೋರ್ಟ್ ರಸ್ತೆಯಲ್ಲಿ ಟ್ಯಾಕ್ಸಿಗಳು ಸುಯ್ಯನೆ ದಾಟುತ್ತಿದ್ದವು. ಮುಂದೆ ಬಿಳಿ ಕಾರು ಕಂಡಾಗಲೆಲ್ಲ ಅವಳ ಕಣ್ಣು ಮೊದಲು ಗಾಲಿಗೆ ಹೋಗುತ್ತಿತ್ತು. ಕೋಗಿಲು ಕ್ರಾಸ್ ದಾಟಿದ ಮೇಲೆ ಅವನು ಏನೋ ಹೇಳಲು ತಲೆ ತಿರುಗಿಸಿದ.

"ರಸ್ತೆ ನೋಡಿ," ಎಂದಳು.

ಚಿಕ್ಕಜಾಲದ ಮನೆಗೆ ಬೀಗ. ಪಕ್ಕದ ಮನೆಯ ರತ್ನಕ್ಕ ಬಾಗಿಲಿಗೆ ಬಂದಳು.

"ಅವ್ರು ಒತ್ತಾರೇನೇ ಹೊಂಟ್ರು ಕಣವ್ವ. ನಂದೀಲಿ ಭೋಗನಂದೀಶ್ವರನ್ ತಾವ ಕಾರ್‌ಗೆ ಪೂಜೆ ಮಾಡ್ಸಿ, ಅಂಗೇ ಬೆಟ್ಟಕ್ ಹೋಯ್ತೀವಿ ಅಂದ್ರು. ರಾಣೀನೇ ಓಡ್ಸ್ಕಂಡ್ ಹೋದ್ಲು!"

ಬೆಟ್ಟ. ಆ ತಿರುವುಗಳು. ಶರ್ವಾಣಿ ಮಹೇಂದ್ರನ ಮುಖವನ್ನು ಆ ದಿನ ಮೊದಲ ಸಲ ನೋಡಿದಳು. ಅವನ ತುಟಿ ಒಣಗಿತ್ತು.

ಅಷ್ಟರಲ್ಲಿ ಉಪೇಂದ್ರನ ಫೋನು. "ಎಲ್ಲಿದ್ದೀರಾ? ಹನ್ನೊಂದಕ್ಕೆ ಗಿರಾಕಿ ಬರ್ತಾರೆ."

ಅವಳು ವಿಷಯ ಹೇಳಿದಳು.

"ನೋಡಿ ಶರ್ವಾಣಿ, ಕ್ರ್ಯಾಕ್ ಅನ್ನೋ ಮಾತು ಬಾಯಿಗೆ ತರಬೇಡಿ. ಕಂಪನಿ ಕಡೆಯಿಂದ ಫ್ರೀ ವೀಲ್ ಪಾಲಿಶ್ ಅನ್ನಿ. ಕಾರು ವಾಪಸ್ ತನ್ನಿ. ಗಾಲಿ ಬದಲಾಯಿಸಿ ಕೊಟ್ಬಿಡೋಣ. ಅವರಿಗೂ ಕ್ಷೇಮ, ನಿಮಗೂ ಕ್ಷೇಮ. ಸಹಿ ನಿಮ್ಮದು, ನೆನಪಿದೆ ತಾನೆ?"

"ಇದೆ ಸರ್."

ಅವಳು ಫೋನ್ ಇಟ್ಟಳು. ಸುಲಭದ ದಾರಿ. ಗಾಲಿಯೂ ಬದಲಾಗುತ್ತದೆ, ಕೆಲಸವೂ ಉಳಿಯುತ್ತದೆ.

"ಸರಿಯಾಗೇ ಹೇಳಿದ್ದಾರೆ ಅವರು," ಎಂದ ಮಹೇಂದ್ರ ಮೆಲ್ಲಗೆ. "ನಿಮ್ಮ ಹೆಸರು ಬರೋದು ಬೇಡ ಮೇಡಂ."

"ಗಾಡಿ ತೆಗೀರಿ."

ಟೋಲ್ ದಾಟಿತು, ದೇವನಹಳ್ಳಿ ದಾಟಿತು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಮೂರು ಸಲ ಆಂಜಿನಪ್ಪನಿಗೆ ಫೋನ್ ಮಾಡಿದಳು. ನಡುವೆ ಯಾವುದೋ ಹಳ್ಳಿಯ ರಸ್ತೆಯುಬ್ಬಿಗೆ ಬೈಕ್ ಹಾರಿತು. ಅವಳು ಅವನ ಭುಜ ಹಿಡಿದಳು. ಕೈ ತೆಗೆಯಬೇಕೆಂದುಕೊಂಡಳು. ತೆಗೆಯಲಿಲ್ಲ. ಅಂಗಿಯ ಕೆಳಗೆ ಅವನ ಭುಜ ಕಲ್ಲಿನಂತೆ ಬಿಗಿದಿತ್ತು. ಅವನಿಗೂ ಹೆದರಿಕೆಯಾಗಿದೆ ಎಂದು ಆಗ ಅವಳಿಗೆ ತಿಳಿಯಿತು. ಅದು ತಿಳಿದು ಸಿಟ್ಟು ಕಡಿಮೆಯಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ದೇವಸ್ಥಾನದ ಮುಂದೆ ಬಿಳಿ ಕಾರು ಇರಲಿಲ್ಲ. ನೆಲದಲ್ಲಿ ಚಕ್ರ ಹರಿದ ನಿಂಬೆಹಣ್ಣು ಮಾತ್ರ.

"ಚೆಂಡುಹೂವಿನ ಹಾರ ಹಾಕಿದ್ದ ಕಾರಾ?" ಎಂದಳು ಹೂವಿನವಳು. "ಈಗ್ ಹೋಯ್ತು ನೋಡಿ, ಬೆಟ್ಟದ್ ಕಡೆ."

"ಬೇಗ ಹೋಗೋ!" ಎಂದು ಶರ್ವಾಣಿ ಅವನ ಬೆನ್ನಿಗೆ ತಟ್ಟಿದಳು. ಬಹುವಚನ ಬಿಟ್ಟುಹೋದದ್ದು ಇಬ್ಬರಿಗೂ ಕೇಳಿಸಿತು.

ದ್ರಾಕ್ಷಿತೋಟಗಳ ನಡುವಿನ ರಸ್ತೆಯಲ್ಲಿ ಹಾರ ಹಾಕಿದ ಕಾರು ಕಾಣಿಸಿತು. ಮಹೇಂದ್ರ ಪಕ್ಕಕ್ಕೆ ತಂದ. ಹಾರ್ನ್ ಮಾಡಿದ, ಕೈ ಬೀಸಿದ. ಸ್ಟೀರಿಂಗ್ ಹಿಡಿದಿದ್ದ ರಾಣಿ ತಿರುಗಿ ನೋಡಿದಳು. ಹೆಲ್ಮೆಟ್ ಹಾಕಿದವನು, ಮುಖಕ್ಕೆ ದುಪಟ್ಟಾ ಸುತ್ತಿದವಳು, ಇಬ್ಬರೂ ಕೂಗುತ್ತಿದ್ದಾರೆ. ಹೆದರಿದ ಹುಡುಗಿ ಆಕ್ಸಿಲರೇಟರ್ ಒತ್ತಿದಳು.

ಕಾರು ಮುಂದೆ ಹಾರಿತು.

"ಅಯ್ಯೋ, ಬೇಡ!" ಎಂದ ಮಹೇಂದ್ರ. ಎದುರಿಗೆ ಬೆಟ್ಟ ದೊಡ್ಡದಾಗುತ್ತಿತ್ತು. ಬೆನ್ನಟ್ಟಿದರೆ ಅವಳು ಇನ್ನೂ ಜೋರಾಗಿ ಓಡಿಸುತ್ತಾಳೆ. ಬಿಟ್ಟರೆ ಮೊದಲ ತಿರುವು.

ಶರ್ವಾಣಿ ಮುಖದ ದುಪಟ್ಟಾ ಕಿತ್ತೆಳೆದಳು. "ಒಂದೇ ಒಂದ್ಸಲ ಪಕ್ಕಕ್ಕೆ ತನ್ನಿ. ಕೂಗಬೇಡಿ. ಹಾರ್ನ್ ಮಾಡಬೇಡಿ."

ಅವನು ಬೈಕನ್ನು ರಸ್ತೆಯ ಬಲ ಅಂಚಿಗೆ ತಂದು ಕಾರಿನ ಕಿಟಕಿಗೆ ಸಮವಾಗಿಸಿದ. ಶರ್ವಾಣಿ ಕೂದಲು ಹಿಂದಕ್ಕೆ ಹಿಡಿದು, ಮುಖ ತೋರಿಸಿ, ಒಂದು ಕೈ ಎತ್ತಿ ನಕ್ಕಳು. ನಿನ್ನೆ ಕೀಲಿ ಕೊಡುವಾಗ ನಕ್ಕ ಹಾಗೆಯೇ ನಕ್ಕಳು. ರಾಣಿಯ ಕಣ್ಣು ಅರಳಿತು. ಕಾರು ನಿಧಾನವಾಯಿತು. ಹುಣಸೆಮರದ ಕೆಳಗೆ ನಿಂತಿತು.

ಆಂಜಿನಪ್ಪ ಹಿಂದಿನ ಬಾಗಿಲು ತೆಗೆದು ಇಳಿದರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಕೆಂಡ. "ಏನಮ್ಮ ಇದು? ಇಂಗೆ ಬೈಕಲ್ ಅಡ್ಡ ಬರೋದಾ? ಉಡ್ಗಿ ಎದ್ರಿ ಗಾಡಿ ಬಿಟ್ಟಿದ್ರೆ ಏನ್ ಗತಿ?"

ಮಹೇಂದ್ರ ಹೆಲ್ಮೆಟ್ ತೆಗೆದು ಅವಳಿಗಿಂತ ಮುಂದೆ ಬಂದ. "ತಪ್ಪಾಯ್ತು ಯಜಮಾನ್ರೇ. ಗಾಲಿಗೆ ಪಾಲಿಶ್ ಹಾಕಿದ್ದು ನಾನು. ಒಂದು ಗಾಲೀಲಿ ಕ್ರ್ಯಾಕ್ ಇರ್ಬಹುದು ಅಂತ ಅನುಮಾನ. ನಾನು ಮುಚ್ಚಿಟ್ಟು ತಂದಿದ್ದೆ. ಈ ಮೇಡಂಗೆ ಏನೂ ಗೊತ್ತಿಲ್ಲ, ಇವತ್ತೇ ಗೊತ್ತಾಗಿದ್ದು."

ಅವನು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ಶರ್ವಾಣಿ ಬೆರಗಾಗಿ ನೋಡಿದಳು. ತನ್ನ ಮೇಲೆ ಎಳೆದುಕೊಳ್ಳಲು ಹೇಳಿದ ಸುಳ್ಳು. ಉಪೇಂದ್ರ ಹೇಳಿಕೊಟ್ಟದ್ದಕ್ಕಿಂತ ಚೆಂದದ ಸುಳ್ಳು. ಒಪ್ಪಿಕೊಂಡು ಸುಮ್ಮನಿದ್ದರೆ ಸಾಕಿತ್ತು.

"ಇಲ್ಲ," ಎಂದಳು. "ಇವರು ಮುಚ್ಚಿಡಲಿಲ್ಲ. ಗೆರೆ ನನಗೂ ಕಾಣಿಸಿತ್ತು. ತುಕ್ಕು ಅಂದರು, ನಾನು ಮತ್ತೆ ನೋಡಬೇಕಿತ್ತು. ನೋಡದೆ ಸಹಿ ಹಾಕಿದ್ದು ನಾನು."

"ಮೇಡಂ..."

"ನೀವು ಸುಮ್ಮನಿರಿ."

ಆಂಜಿನಪ್ಪ ಇಬ್ಬರನ್ನೂ ನೋಡಿದರು. "ಯಾವ ಗಾಲಿ?" ಎಂದರು.

ಶರ್ವಾಣಿ ನಾಲ್ಕನ್ನೂ ನೋಡಿ ಆ ಗೆರೆ ಹುಡುಕಿದಳು: ಎಡಗಡೆಯ ಮುಂದಿನದು. ಕಾರಿನ ಜಾಕ್ ಹಾಕಿ ಗಾಲಿ ಬಿಚ್ಚಿದರು. ಮಹೇಂದ್ರ ಅದನ್ನು ಮರದ ಕೆಳಗೆ ಮಲಗಿಸಿ, ತಾನೇ ಅಷ್ಟು ಅಕ್ಕರೆಯಿಂದ ತಂದಿದ್ದ ಹೊಳಪನ್ನು ಬ್ಯಾಗಿನಲ್ಲಿದ್ದ ದೊರಗು ಪೇಪರಿನಿಂದ ಕೆರೆದ. ಬೆಳ್ಳಿ ಹೋಗಿ ಬೂದು ಲೋಹ ಕಾಣಿಸಿತು. ಬರಿಗಣ್ಣಿಗೆ ಏನೂ ಇರಲಿಲ್ಲ.

"ಏನೂ ಇಲ್ವಲ್ಲಪ್ಪ," ಎಂದರು ಆಂಜಿನಪ್ಪನ ಹೆಂಡತಿ ಲಕ್ಷ್ಮಿದೇವಮ್ಮ, ಜೀವ ಬಂದವರಂತೆ.

"ಇನ್ನೊಂದು ಪರೀಕ್ಷೆ ಇದೆಯಮ್ಮ. ವಿಭೂತಿ ಇದ್ಯಾ?" ಎಂದಳು ಶರ್ವಾಣಿ.

ಪೂಜೆಯ ಚೀಲದಿಂದ ವಿಭೂತಿಗಟ್ಟಿ ಬಂತು. ಅವಳು ಅದನ್ನು ಕಲ್ಲಿನ ಮೇಲೆ ಪುಡಿ ಮಾಡಿದಳು. ಮಹೇಂದ್ರ ಬೈಕಿನಿಂದ ಬಟ್ಟೆಗೆ ಪೆಟ್ರೋಲ್ ಬಿಟ್ಟು, ಕೆರೆದ ಜಾಗಕ್ಕೆ ಒತ್ತಿ ಹಿಡಿದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ. ಅವಳು ಮೇಲೆ ವಿಭೂತಿ ಉದುರಿಸಿದಳು. ಬಿರುಕಿದ್ದರೆ ಒಳಗೆ ಕುಳಿತ ಪೆಟ್ರೋಲ್ ಪುಡಿಯನ್ನು ನೆನೆಸಿ ಹೊರಬರಬೇಕು.

ಐದೂ ಜನ ಬಗ್ಗಿ ನಿಂತರು. ಬಿಳಿ ಪುಡಿ ಬಿಳಿಯಾಗಿಯೇ ಇತ್ತು. ತುಕ್ಕೇ ಆಗಿರಲಿ ದೇವರೇ ಎಂದು ಶರ್ವಾಣಿ ಬೇಡಿಕೊಂಡಳು.

ಆಗ ಪುಡಿಯಲ್ಲಿ ಒಂದು ಕಪ್ಪು ಎಳೆ ಮೂಡಿತು. ಕಡ್ಡಿಯ ಬುಡದಿಂದ ಶುರುವಾಗಿ ನಿಧಾನವಾಗಿ ಉದ್ದವಾಗುತ್ತಾ ಅಂಚನ್ನು ದಾಟಿ ಹಿಂದಕ್ಕೆ ಹೋಯಿತು.

ಲಕ್ಷ್ಮಿದೇವಮ್ಮ ಮಗಳನ್ನು ತಬ್ಬಿಕೊಂಡರು. ಆಂಜಿನಪ್ಪ ಬೆರಳಿನಿಂದ ಆ ಎಳೆ ಮುಟ್ಟಿದರು. ಆಮೇಲೆ ತಲೆಯೆತ್ತಿ ಬೆಟ್ಟದ ರಸ್ತೆ ನೋಡಿದರು.

"ಸರ್ವೀಸ್ ಪೂರ್ತಿ ಬಸ್ ಓಡಿಸ್ದೋನು ನಾನು," ಎಂದರು. "ದಿನಾ ಬೆಳಿಗ್ಗೆ ಗಾಡಿ ಸುತ್ತಾ ಒಂದ್ ಸುತ್ತು ಹಾಕಿ, ಚಕ್ರ ನೋಡ್ದೆ ಸೀಟ್ ಹತ್ತಿದೋನಲ್ಲ. ನಿನ್ನೆ ಇದರ್ ಹೊಳಪ್ ನೋಡಿ ನಾನೂ ಬೆಪ್ಪಾದೆ." ಮಹೇಂದ್ರನ ಕಡೆ ತಿರುಗಿದರು. "ನಿಂಗೆ ಎರಡ್ ಬಾರಿಸ್ಬೇಕು ಅನ್ಸ್ತದೆ ಕಣಯ್ಯ. ಆದ್ರೆ ಓಡ್ಬಂದ್ಯಲ್ಲ. ಸ್ಟೆಪ್ನಿ ಹಾಕು."

ಅವನು ಸ್ಟೆಪ್ನಿ ಹಾಕಿದ. ಪ್ರತಿ ನಟ್ಟನ್ನೂ ಎರಡೆರಡು ಸಲ ಬಿಗಿದ. ಅವರು ಬೆಟ್ಟ ಹತ್ತಲಿಲ್ಲ. ಆಂಜಿನಪ್ಪನೇ ಸ್ಟೀರಿಂಗ್ ಹಿಡಿದು ಕಾರು ತಿರುಗಿಸಿಕೊಂಡು ಹೋದರು.

ವಾಪಸ್ ಬರುವಾಗ ದೇವನಹಳ್ಳಿಯ ಬಳಿ ಮಹೇಂದ್ರ ಬೈಕ್ ನಿಧಾನ ಮಾಡಿದ. "ನಿಮ್ಮ ಕೆಲಸಕ್ಕೆ ಏನಾದ್ರೂ ಆದ್ರೆ ನಾನು..."

"ಈಗ ಏನೂ ಮಾತಾಡಬೇಡಿ. ನನಗೆ ಕೇಳೋ ಶಕ್ತಿ ಇಲ್ಲ."

ಅವನು ಹೆಬ್ಬಾಳದ ಗೇಟಿನಲ್ಲಿ ಅವಳನ್ನು ಇಳಿಸಿ, ತಲೆ ತಗ್ಗಿಸಿಕೊಂಡು ಹೋದ.

ಸೋಮವಾರ ಅವಳು ನಡೆದದ್ದನ್ನೆಲ್ಲ ಕಂಪನಿಗೆ ಮೇಲ್ ಮಾಡಿದಳು. ಆಂಜಿನಪ್ಪನಿಗೆ ನಾಲ್ಕೂ ಹೊಸ ಗಾಲಿ ಸಿಕ್ಕವು. ಮಹೇಂದ್ರನ ಕೆಲಸ ನಿಂತಿತು. ಶರ್ವಾಣಿಯನ್ನು ಪರೀಕ್ಷೆಯ ಕೆಲಸದಿಂದ ತೆಗೆದು ಯಶವಂತಪುರದ ಆಫೀಸಿನಲ್ಲಿ, ಕಾರುಗಳೇ ಕಾಣದ ಒಂದು ಮೇಜಿಗೆ ಹಾಕಿದರು. "ನಿಮ್ಮ ಪ್ರಾಮಾಣಿಕತೆಯಿಂದ ನನಗೂ ಬೈಗುಳ," ಎಂದ ಉಪೇಂದ್ರ ಮುಖ ತಿರುಗಿಸಿಕೊಂಡು.

ಮಹೇಂದ್ರನ ಫೋನು ಬರಲಿಲ್ಲ. ಫೋಟೋ ಬರಲಿಲ್ಲ. ಆದರೆ ಅವಳು ವಾಟ್ಸ್ಯಾಪಿನಲ್ಲಿ ಅವನ ಹೆಸರು ತೆರೆದಾಗ ಕೆಲವು ಸಲ ಅವನು ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಅವಳು ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದು ನಿಂತುಹೋಗುತ್ತಿತ್ತು. ಏನೂ ಬರುತ್ತಿರಲಿಲ್ಲ. ಹೀಗೇ ದಿನಗಳು ಕಳೆದವು. ಊಟಕ್ಕೆ ಕುಳಿತಾಗ ಅಪ್ಪ ಒಮ್ಮೆ, "ಆಫೀಸಿಂದ ಈಗ ಏನೂ ಬರಲ್ವಾ?" ಎಂದು ಕೇಳಿದರು. ಅವಳು ಎದ್ದು ಕೈ ತೊಳೆದಳು.

ಒಂದು ಭಾನುವಾರ ಅವಳಿಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಹುಣಸಮಾರನಹಳ್ಳಿಯಲ್ಲಿ ಇಳಿದಳು. ಸ್ಟಾಪಿನಲ್ಲಿ ಕೇಳಿದರೆ ಎಲ್ಲರಿಗೂ ಅವನ ಶೆಡ್ಡು ಗೊತ್ತಿತ್ತು.

ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಮಹೇಂದ್ರನ ತಾಯಿ ಸೊಣ್ಣಮ್ಮ.

"ಯಾರವ್ವ? ಬಿಸ್ಲಲ್ ಯಾಕ್ ನಿಂತೆ, ಒಳೀಕ್ ಬಾ. ಮಯೇಂದ್ರಾ, ಯಾರೋ ಬಂದವ್ರೆ ನೋಡ್ಲಾ."

ಮಹೇಂದ್ರ ಮೊಣಕೈವರೆಗೆ ಬೂದು ನೀರಾಗಿದ್ದ. ಮುಂದೆ ಒಂದು ಗಾಲಿ. ಅದರ ಕೋಟನ್ನೆಲ್ಲ ತೆಗೆದು ಬರಿ ಲೋಹ ಮಾಡಿದ್ದ. ಅವಳನ್ನು ನೋಡಿ ಎದ್ದ. ಕೈ ಎಲ್ಲಿಡುವುದೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ.

"ಈಗ ಎಲ್ಲಾನೂ ಪೂರ್ತಿ ತೆಗೆದೇ ನೋಡ್ತೀನಿ," ಎಂದ, ಅವಳು ಕೇಳದಿದ್ದರೂ. "ಹೊತ್ತು ಹಿಡಿಯುತ್ತೆ. ಗಿರಾಕಿಗಳು ಕಡಿಮೆ ಆದ್ರು."

"ಯಾಕೆ ಫೋನ್ ಮಾಡ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಮಾಡ್ಲಿ? ನಿಮ್ಮ ಚೆಕಿಂಗ್ ಕೆಲಸ ಹೋಗಿದ್ದು ನನ್ನಿಂದ."

"ಟೈಪ್ ಮಾಡ್ತಿದ್ರಲ್ಲ. ಏನು ಬರೀತಿದ್ರಿ?"

ಅವನ ಕಿವಿ ಕೆಂಪಾಯಿತು. "ಸಾರಿ ಅಂತ."

"ಸಾರಿಗೆ ಎರಡಕ್ಷರ. ಅಷ್ಟು ಹೊತ್ತು ಬೇಕಾ?"

"ಅದಾದ್ಮೇಲೆ ಇನ್ನೂ ಸ್ವಲ್ಪ ಬರೀತಿದ್ದೆ. ಆಮೇಲೆ, ಇದನ್ನ ಹೇಳೋ ಯೋಗ್ಯತೆ ನಿಂಗಿದ್ಯಾ ಅಂತ ಅನ್ಸಿ ಅಳಿಸ್ತಿದ್ದೆ."

ಏರ್‌ಪೋರ್ಟಿನ ಕಡೆ ಒಂದು ವಿಮಾನ ತಗ್ಗಾಗಿ ಹೋಯಿತು. ಸದ್ದು ಅಡಗುವವರೆಗೆ ಇಬ್ಬರೂ ಕಾದರು.

"ಒಂದು ಕೇಳ್ತೀನಿ, ನಿಜ ಹೇಳಿ," ಎಂದಳು ಶರ್ವಾಣಿ. "ಅವತ್ತು ಆ ಗೆರೆ ಸರಿಯಾಗಿ ನೋಡಲಿಲ್ಲ ಅಂದ್ರಲ್ಲ. ಏನು ನೋಡ್ತಿದ್ರಿ?"

ಅವನು ನೆಲ ನೋಡಿದ. ಆಮೇಲೆ ಅವಳನ್ನು ನೋಡಿದ. "ನಿಮ್ಮನ್ನ."

ಅವಳಿಗೆ ಉತ್ತರ ಗೊತ್ತಿತ್ತು. ಆದರೂ ಅವನ ಬಾಯಿಂದ ಕೇಳಿದಾಗ ಪಕ್ಕದ ಸ್ಟೂಲ್ ಎಳೆದುಕೊಂಡು ಕುಳಿತಳು.

"ನಾನೂ ಗಾಲಿ ನೋಡ್ತಿರ್ಲಿಲ್ಲ," ಎಂದಳು. "ನಂಬಿ ಪಾಸ್ ಮಾಡಿದೆ ಅಂತ ಎಲ್ರಿಗೂ ಹೇಳ್ಕೊಂಡೆ. ನಂಬಿಕೆ ಎಲ್ಲಿ ಬಂತು? ಇನ್ನೊಂದು ನಿಮಿಷ ಪಕ್ಕದಲ್ಲಿ ಕೂತಿದ್ರೆ ನನ್ನ ಮುಖ ನಿಮಗೆ ಎಲ್ಲಾ ಹೇಳಿಬಿಡ್ತಿತ್ತು. ಅದಕ್ಕೆ ಎದ್ದುಬಿಟ್ಟೆ. ಆ ಕಾರಲ್ಲಿ ಮೂರು ಜನ ಇದ್ರು ಮಹೇಂದ್ರ."

"ಗೊತ್ತು. ಅದು ಕಣ್ಣು ಮುಚ್ಚಿದ್ರೆ ಬರುತ್ತೆ. ಆ ಕಪ್ಪು ಎಳೆ."

"ನಂಗೂ."

ಆ ಮಾತು ಆಡಿದ ಮೇಲೆ ಶೆಡ್ಡಿನಲ್ಲಿ ಏನೋ ಸಡಿಲವಾಯಿತು. ಅವರಿಬ್ಬರನ್ನು ಬಿಟ್ಟರೆ ಆ ಎಳೆಯ ಭಯ ಇನ್ನಾರಿಗೂ ಅರ್ಥವಾಗುವಂಥದ್ದಲ್ಲ.

"ನಿಮ್ಮ ಕೆಲಸ ನಾನು ಇನ್ನು ಯಾವತ್ತೂ ಚೆಕ್ ಮಾಡಲ್ಲ," ಎಂದಳು ಅವಳು. "ಬೇರೆ ಯಾರಾದ್ರೂ ಮಾಡ್ಲಿ. ನಮ್ಮಿಬ್ರಿಗೆ ಅದು ಆಗಲ್ಲ."

"ಹಾಗಾದ್ರೆ ಇಷ್ಟು ದೂರ ಬಂದಿದ್ದು ಅದನ್ನ ಹೇಳೋಕಾ?"

ಅವಳು ಉತ್ತರ ಕೊಡುವ ಮೊದಲೇ ಸೊಣ್ಣಮ್ಮ ಒಂದು ಲೋಟ ಮಜ್ಜಿಗೆ ತಂದು ಅವಳ ಕೈಗಿಟ್ಟಳು. ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮಗನನ್ನು ನೋಡಿದಳು.

"ಯಾರ್ಲಾ ಈ ಉಡ್ಗಿ? ಯೋಳ್ನೇ ಇಲ್ಲ."

ಆಫೀಸಿನವರು ಎಂದು ಮಹೇಂದ್ರ ಅಂದರೆ ಮುಗಿಯಿತು. ಮಜ್ಜಿಗೆ ಕುಡಿದು ಬಸ್ಸು ಹತ್ತುವುದು. ಶರ್ವಾಣಿ ಲೋಟದೊಳಗಿನ ಕರಿಬೇವಿನ ಎಲೆಯನ್ನೇ ನೋಡುತ್ತಾ ಕುಳಿತಳು.

"ನಾನು ಮದ್ವೆ ಆಗ್ಬೇಕು ಅಂದ್ಕೊಂಡಿರೋ ಹುಡುಗಿ ಕಣಮ್ಮ," ಎಂದ ಅವನು. "ಅವರನ್ನ ಇನ್ನೂ ಕೇಳಿಲ್ಲ."

ಸೊಣ್ಣಮ್ಮ ಒಂದು ಕ್ಷಣ ಇಬ್ಬರನ್ನೂ ದಿಟ್ಟಿಸಿದಳು. ಆಮೇಲೆ ಹೋಗಿ ಮೊರದ ಮುಂದೆ ಕುಳಿತು, ಸೊಪ್ಪಿನ ಕಡ್ಡಿ ಮುರಿಯುತ್ತಾ ಅಂದಳು:

"ಕೇಳ್ ಮತ್ತೆ. ಇಲ್ಲೇ ಕುಂತವ್ಳಲ್ಲ."

ಶರ್ವಾಣಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಜ್ಜಿಗೆ ನೆತ್ತಿಗೇರಿ ಕೆಮ್ಮಿದಳು. ಮಹೇಂದ್ರ ನೀರು ತರಲು ಓಡಿದ. ಒದ್ದೆ ಕೈಯಲ್ಲಿ ಚೊಂಬು ಹಿಡಿದು ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ನಿಮ್ಮಪ್ಪ ಒಪ್ತಾರಾ?" ಎಂದ.

"ಮೊದಲು ಒಪ್ಪಲ್ಲ. ಊಟ ಬಿಡ್ತಾರೆ. ಆಮೇಲೆ ನಾನೂ ಬಿಡ್ತೀನಿ, ಆಗ ದಾರಿಗೆ ಬರ್ತಾರೆ," ಎಂದು ಅವಳು ಕಣ್ಣೊರೆಸಿಕೊಂಡಳು. "ಅದು ನನ್ನ ಪಾಡು. ಅಮ್ಮ ಹೇಳಿದ್ದನ್ನ ಮೊದಲು ಮಾಡಿ."

ಅವನು ಕೇಳಿದ. ತೀರಾ ಮೆಲ್ಲಗೆ ಕೇಳಿದ್ದರಿಂದ ಬಾಗಿಲಲ್ಲಿದ್ದ ಸೊಣ್ಣಮ್ಮನಿಗೆ ಅದು ಕೇಳಿಸಲಿಲ್ಲ. ಶರ್ವಾಣಿ ಚೊಂಬು ಕೆಳಗಿಟ್ಟು "ಹ್ಞೂಂ" ಎಂದದ್ದು ಮಾತ್ರ ಕೇಳಿಸಿತು. ಸೊಣ್ಣಮ್ಮ ಮೊರದಲ್ಲಿದ್ದ ಸೊಪ್ಪಿಗೆ ಇನ್ನೊಂದು ಕಟ್ಟು ಸೇರಿಸಿಕೊಂಡಳು; ಊಟಕ್ಕೆ ಒಬ್ಬರು ಹೆಚ್ಚಿಗೆ ಇದ್ದರು.